ಒಕಾಮಿ ಬಂದ ಚಳಿಗಾಲ

ನವೆಂಬರ್ ೧೯, ಸಂಜೆ

ಮೊದಲು ಹೇಳಿದವನು ತೊರಾಜೋ. ಇವತ್ತು ಬೆಳಿಗ್ಗೆ, ನನ್ನ ಅಂಗಡಿಯ ಕುರ್ಚಿಯಲ್ಲಿ ಒರಗಿಕೊಂಡು, ಮುಖದ ತುಂಬ ನೊರೆ ಹಚ್ಚಿಸಿಕೊಂಡು.

"ಮಿಸಾವೋ ಅಕ್ಕಾ, ನಿಮ್ಮನೆಗೆ ಒಬ್ಬಳು ಬಂದು ಚಳಿಗಾಲ ಪೂರ್ತಿ ಇರ್ತಾಳಂತೆ?"

ನನ್ನ ಕೈಯ ಕತ್ತಿ ನಿಂತಿತು. "ಯಾರು?"

"ಜೆಂಕಿಚಿ ಅಣ್ಣನ ಒಕಾಮಿ."

"ಯಾರು ಹೇಳಿದ್ದು?"

"ನಿಮ್ಮ ಯಜಮಾನ್ರೇ. ಮೊನ್ನೆ ಕುಡಿಯೋವಾಗ. ನಿಮಗೆ ಹೇಳಿಲ್ವಾ?... ಅಯ್ಯೋ, ಕತ್ತಿ ಸ್ವಲ್ಪ ಆಚೆ ಹಿಡೀರಿ."

ಹೇಳಿಲ್ಲ. ನನ್ನ ಮನೆಯ ಸುದ್ದಿ ನನಗೆ ತಲುಪುವುದು ಗಿರಾಕಿಗಳ ಗಡ್ಡದ ಮೂಲಕ. ಮದುವೆಯಾದಾಗಿನಿಂದ ಇದೇ ಕಥೆ.

ಒಕಾಮಿ — ಮನೆಯೊಡತಿ! ಮೀನಿಗೆ ಇಡುವ ಹೆಸರೇ ಇದು? ಈ ಮನೆಯಲ್ಲಿ ಒಬ್ಬ ಒಡತಿಯ ಮಾತೇ ನಡೆಯುವುದಿಲ್ಲ. ಇನ್ನು ಎರಡನೆಯವಳು.

ಗಂಡ ಸದಾಜಿ ಊಟಕ್ಕೆ ಕೂತಾಗ ಕೇಳಿದೆ. ಮಿಸೊ ಸಾರಿನ ಬಟ್ಟಲಿನೊಳಗೆ ಮುಖ ಇಟ್ಟುಕೊಂಡೇ ಉತ್ತರ. "ಹೇಳೋಣ ಅಂತಿದ್ದೆ."

"ಯಾವಾಗ? ಅದು ಬಂದು ಬಾಗಿಲು ತಟ್ಟಿದಾಗಲೋ?"

"ಮೀನು ಬಾಗಿಲು ತಟ್ಟಲ್ಲ ಕಣೇ."

ಇಂಥವನ ಜೊತೆ ಜಗಳವಾಡುವುದೂ ಒಂದು ಕಸುಬು.

ನವೆಂಬರ್ ೨೨

ಬಂತು. ಟ್ರಕ್ಕಿನಲ್ಲಿ, ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ, ರಾಣಿಯ ಹಾಗೆ. ನನ್ನ ತೋಳಿಗಿಂತ ಉದ್ದ. ಹಾಲಿನಂಥ ಬಿಳಿ ಮೈ, ಬೆನ್ನ ಮೇಲೆ ಕೆಂಪು. ಒಪ್ಪಬೇಕು — ಆ ಕೆಂಪು ಬೇರೆಯದೇ. ಮಾಗಿ ಕೆಂಪಾದ ಕಾಕಿ ಹಣ್ಣನ್ನು ಬೆಳಕಿಗೆ ಹಿಡಿದ ಹಾಗೆ.

ತಂದವಳು ಸವಾಕೋ, ಜೆಂಕಿಚಿ ಭಾವನ ಮಗಳು. ನಾಗಾಓಕಾದಲ್ಲಿ ಹಲ್ಲಿನ ಡಾಕ್ಟರರಿಗೆ ಕಟ್ಟುಹಲ್ಲು ಮಾಡಿಕೊಡುತ್ತಿದ್ದವಳು. ಅಪ್ಪ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡು ಆಸ್ಪತ್ರೆ ಸೇರಿದ ಮೇಲೆ ಕೆಲಸ ಬಿಟ್ಟು ಬಂದಿದ್ದಾಳೆ. ಅಪ್ಪನ ಹಾಗೆ ಬಣ್ಣದ ಮೀನು ಸಾಕುತ್ತಾಳಂತೆ.

"ಉಳಿದ ಮೀನೆಲ್ಲ ಮಾರಿಬಿಟ್ವಿ ಚಿಕ್ಕಮ್ಮಾ. ಮೀನಿನ ತೊಟ್ಟಿಗಳಿರೋ ಶೆಡ್ಡಿನ ಮಾಡು ಸೋರ್ತಿದೆ. ಈ ಹಿಮಕ್ಕೆ ಕುಸಿಯುತ್ತೆ. ಇವಳೊಬ್ಬಳನ್ನ ಉಳಿಸ್ಕೊಂಡ್ವಿ."

"ಬೇರೆ ಸಾಕಣೆಯವರ ತೊಟ್ಟಿಗೆ ಬಿಡಬಹುದಿತ್ತಲ್ಲ?"

"ಹೊರಗಿನ ಮೀನನ್ನ ಯಾರೂ ಒಳಗೆ ಬಿಟ್ಕೊಳ್ಳಲ್ಲ. ರೋಗದ ಭಯ. ನಿಮ್ಮ ಕೊಳದಲ್ಲಾದ್ರೆ ಬೆಟ್ಟದ ಒರತೆ ನೀರು ಬರುತ್ತೆ, ಬೇರೆ ಮೀನಿಲ್ಲ."

ಆಮೇಲೆ ಕೊಳದ ದಂಡೆಯಲ್ಲಿ ಕುಕ್ಕರಗಾಲಲ್ಲಿ ಕೂತು ಹೇಳಿದಳು. ಈ ಕೆಂಪು ಅಜ್ಜನ ಕಾಲದಿಂದ ಬಂದದ್ದಂತೆ, ತಾಯಿಯಿಂದ ಮಗಳಿಗೆ. ಜೂನ್‌ನಲ್ಲಿ ಒಕಾಮಿ ಇನ್ನೊಂದು ಸಲ ಮೊಟ್ಟೆ ಇಟ್ಟರೆ ತಳಿ ಉಳಿಯುತ್ತದೆ. "ಇಡಲಿಲ್ಲ ಅಂದ್ರೆ ನಾನು ಕಟ್ಟುಹಲ್ಲಿಗೇ ವಾಪಸ್ಸು. ಬೇರೆಯವರ ಮೀನು ಕೊಂಡು ಸಾಕೋದಾದ್ರೆ ನಾನ್ಯಾಕೆ ಬೇಕು?"

ನಗುತ್ತಲೇ ಹೇಳಿದಳು. ಕಣ್ಣು ನಗಲಿಲ್ಲ.

ಅವಳು ಹಾಕಿಹೋದ ಕಟ್ಟಳೆ: ಮೇಲೆ ಬಲೆ ಇರಬೇಕು. ನೀರು ಬೆಚ್ಚಗಾಗುವ ತನಕ ಒಂದು ಕಾಳೂ ಹಾಕಕೂಡದು, ಚಳಿಯಲ್ಲಿ ತಿಂದದ್ದು ಹೊಟ್ಟೆಯಲ್ಲೇ ಕೊಳೆಯುತ್ತದೆ. ಮತ್ತೆ, ಮಾಡಿನ ಹಿಮ ಕೊಳಕ್ಕೆ ಬೀಳಕೂಡದು.

ಮಾಡಿನ ಹಿಮ ಕೊಳಕ್ಕೆ ಬೀಳಕೂಡದು! ಆ ಕೊಳ ತೋಡಿಸಿದ್ದೇ ಮಾಡಿನ ಹಿಮ ಬಿದ್ದು ಕರಗಲಿ ಅಂತ. ಈ ಊರಿನ ಪ್ರತಿ ಮನೆಯ ಹಿತ್ತಿಲಲ್ಲೂ ಅದಕ್ಕೇ ಒಂದು ಕೊಳ.

"ಅದೆಲ್ಲಾ ನಾನು ನೋಡ್ಕೋತೀನಿ," ಅಂದ ಸದಾಜಿ. ಚಳಿಗಾಲ ಪೂರ್ತಿ ಬೆಳಗಿನ ಜಾವ ಎದ್ದು ರಸ್ತೆಯ ಹಿಮ ತಳ್ಳುವ ಗಾಡಿ ಓಡಿಸುವವನು. ಮಧ್ಯಾಹ್ನ ಗೊರಕೆ ಹೊಡೆಯುವವನು. ಇವನು ನೋಡಿಕೊಳ್ಳುತ್ತಾನಂತೆ.

ನವೆಂಬರ್ ೩೦

ಜೆಂಕಿಚಿ ಭಾವನ ಫೋನ್. ಆಸ್ಪತ್ರೆಯಿಂದ. ದಿನಾ, ಅಂಗಡಿಯಲ್ಲಿ ಜನ ಇರುವ ಹೊತ್ತಿಗೇ.

"ತಲೆ ಯಾವ ಕಡೆಗಿದೆ?"

ನಮಸ್ಕಾರ ಇಲ್ಲ, ಕ್ಷೇಮ ಇಲ್ಲ. ಮೊದಲ ದಿನ ನನ್ನ ತಲೆಯನ್ನೇ ಕೇಳುತ್ತಿದ್ದಾನೆ ಅಂದುಕೊಂಡೆ.

ಕತ್ತರಿ ಕೆಳಗಿಟ್ಟು ಹಿತ್ತಿಲ ಕಿಟಕಿಗೆ ಹೋಗಿ ಒಕಾಮಿಯ ತಲೆ ನೋಡಿ ಬಂದು ಹೇಳಬೇಕು. ಪಶ್ಚಿಮಕ್ಕೆ. ದಿನಾ ಪಶ್ಚಿಮಕ್ಕೇ. "ಹಾಂ," ಅಂತ ಇಟ್ಟುಬಿಡುತ್ತಾನೆ. ನಿನ್ನ ಸೊಂಟ ಹೇಗಿದೆ ಭಾವ ಅಂತ ಕೇಳುವ ಹೊತ್ತಿಗೆ ಲೈನು ಸತ್ತಿರುತ್ತದೆ.

ಗಿರಾಕಿಗಳದ್ದು ಇನ್ನೊಂದು ರಗಳೆ. ಅರ್ಧ ಕತ್ತರಿಸಿದ ತಲೆಯಲ್ಲೇ ಎದ್ದು ಹಿತ್ತಿಲಿಗೆ ಹೋಗುತ್ತಾರೆ. ಕೊಳದ ದಂಡೆಯಲ್ಲಿ ಬಿಳಿ ಬಟ್ಟೆ ಹೊದ್ದ ನಾಲ್ಕು ಜನ ಸಾಲಾಗಿ ನಿಂತಿರುವುದನ್ನು ಅಂಚೆಯವನು ನೋಡಿ, ಯಾರೋ ಸತ್ತರು ಅಂತ ಟೋಪಿ ತೆಗೆದ.

ಎಲ್ಲರಿಗೂ ಒಂದೊಂದು ಬುದ್ಧಿಮಾತು. ಒಬ್ಬ, "ಆಳ ಸಾಲ್ದು." ಇನ್ನೊಬ್ಬ, "ಆಳ ಜಾಸ್ತಿ." ತೊರಾಜೋನ ತಾಯಿ ಕಿನು ಅಜ್ಜಿ ಬೇಯಿಸಿದ ಬಾರ್ಲಿ ತಂದಳು.

"ಏನೂ ಹಾಕಬಾರದಂತೆ ಅಜ್ಜೀ."

"ಒಂದು ಹಿಡಿಗೆ ಏನಾಗುತ್ತೆ? ಬಸುರಿ ಅಲ್ವಾ?"

"ಬಸುರಿ ಅಲ್ಲ. ಜೂನ್‌ಗೆ."

"ಆಗೋಳು ತಾನೇ? ಉಪವಾಸ ಕೆಡವಿ ಸಾಯಿಸ್ತೀಯಾ? ಕಟುಕಿ."

ಬಾರ್ಲಿಯನ್ನು ರಾತ್ರಿ ನಾವೇ ತಿಂದೆವು. ಚೆನ್ನಾಗಿತ್ತು.

ಡಿಸೆಂಬರ್ ೮

ಕೊಕ್ಕರೆ. ಬೆಳಿಗ್ಗೆಯಿಂದ ಮೂರು ಸಲ ಪೊರಕೆ ಹಿಡಿದು ಓಡಿದೆ. ಬಲೆ ಇದ್ದರೂ ಕಲ್ಲಿನ ಮೇಲೆ ಒಂಟಿಕಾಲಲ್ಲಿ ನಿಂತು ನನ್ನನ್ನೇ ನೋಡುತ್ತದೆ. ಇದೂ ಏನೋ ಬುದ್ಧಿ ಹೇಳಲು ಬಂದಿರಬೇಕು.

ಒಕಾಮಿ ತಳದಲ್ಲಿ, ಅಲ್ಲಾಡದೆ. ಪಶ್ಚಿಮಕ್ಕೆ.

ಡಿಸೆಂಬರ್ ೧೮

ಬಿತ್ತು. ಎದೆಮಟ್ಟ ಹಿಮ, ಒಂದೇ ಸಮ.

ಸದಾಜಿ ಕತ್ತಲಲ್ಲೇ ಎದ್ದು ಗಾಡಿಗೆ ಹೋದ. ಮಾಡು ಕಿರಕ್ ಅನ್ನತೊಡಗಿತು. ನಾನೇ ಏಣಿ ಹತ್ತಿದೆ. ಹಿತ್ತಿಲ ಕಡೆಗೆ ತಳ್ಳಿದ್ದರೆ ಇಳಿಜಾರು, ಒಂದು ಗಳಿಗೆಯ ಕೆಲಸ. ತಳ್ಳುವ ಹಾಗಿಲ್ಲ, ಕೆಳಗೆ ಒಡತಿ ಮಲಗಿದ್ದಾಳೆ. ಎಲ್ಲವನ್ನೂ ಎತ್ತಿ ಎತ್ತಿ ಬೀದಿಯ ಕಡೆಗೆ. ಆಮೇಲೆ ಇಳಿದು ಬಂದು ಅದನ್ನು ದೊಡ್ಡ ಸಲಿಕೆಯಲ್ಲಿ ಹೇರಿ ಗದ್ದೆಯ ತನಕ ತಳ್ಳುವುದು. ಈ ಸಲಿಕೆಗೆ 'ಅಮ್ಮ' ಅಂತ ಹೆಸರಿಟ್ಟಿದ್ದಾರೆ. ಇಟ್ಟವನು ಗಂಡಸೇ ಇರಬೇಕು.

ಹಿಮ ಕರಗಿಸುವ ಕೊಳ ಪಕ್ಕದಲ್ಲಿಟ್ಟುಕೊಂಡು ಹಿಮವನ್ನು ಗದ್ದೆಗೆ ಹೊರುವ ಹೆಂಗಸು ಈ ಕಣಿವೆಯಲ್ಲಿ ನಾನೊಬ್ಬಳೇ. ಅತ್ತೆ ಬದುಕಿದ್ದರೆ ಬಿದ್ದು ಬಿದ್ದು ನಗುತ್ತಿದ್ದರು.

ಮಧ್ಯಾಹ್ನ ಸದಾಜಿ ಬಂದ. ಮಾಡು ನೋಡಿದ. "ಅರೆ, ನಾನು ಮಾಡ್ತಿದ್ದೆನಲ್ಲ."

"ಯಾವಾಗ?"

"ಎದ್ದ ಮೇಲೆ."

"ಎದ್ದ ಮೇಲೆ ಮಾಡು ಇರ್ತಿತ್ತಾ?"

"ನೀನು ಬಿಡು, ಏನು ಹೇಳಿದರೂ..." ಅಂತ ಮಲಗಿದ. ಮಾತೂ ಪೂರ್ತಿ ಮಾಡಲಿಲ್ಲ, ಗೊರಕೆ.

ಸಂಜೆ ಹೊತ್ತಿಗೆ ಮತ್ತೆ ಮೊಣಕಾಲುದ್ದ ಬಿದ್ದಿತ್ತು.

ಜನವರಿ ೭

ಬರೆಯಲು ಕೈಯೆತ್ತಲಾಗಿರಲಿಲ್ಲ. ಹೊಸ ವರ್ಷ ಬಂತು, ಹೋಯಿತು. ಕುಟ್ಟಿದ ಅನ್ನದ ಮೋಚಿ ತಿಂದೆವು. ಹಿಮ ಹೊತ್ತೆ. ಮೋಚಿ. ಹಿಮ.

ನಿನ್ನೆ ಮಾಡಿನ ಮೇಲೆ ಬಗ್ಗಿದವಳು ಏಳಲಾಗಲಿಲ್ಲ. ನಾಡಿದ್ದು ಬಸ್ಸಿನಲ್ಲಿ ಪೇಟೆಗೆ ಹೋಗಿ ಬೆನ್ನು ತೋರಿಸಿಕೊಂಡು ಬರಬೇಕು.

ಭಾವನಿಗೆ ಹದಿಮೂರಕ್ಕೆ ಎರಡನೆಯ ಆಪರೇಷನ್ನಂತೆ. ನನಗೆ ಹೇಳಿದ್ದು ಸವಾಕೋ. ಅವನು ಹೇಳುವುದೇನು? "ತಲೆ ಯಾವ ಕಡೆಗಿದೆ?"

ಜನವರಿ ೯, ಸಂಜೆ

 

ಮಧ್ಯಾಹ್ನದ ಬಸ್ಸಿಗೆ ಬಂದೆ. ತಿರುವಿನಿಂದಲೇ ಕಂಡಿತು — ನಮ್ಮ ಮಾಡು ಬೋಳಿಸಿದ ಗಲ್ಲದ ಹಾಗೆ ನುಣ್ಣಗೆ. ಬೀದಿಯ ಕಡೆಗೂ ಒಂದು ಚೂರು ಹಿಮವಿಲ್ಲ. ಬಾಗಿಲಲ್ಲಿ ತೊರಾಜೋ, ಅವನ ತಮ್ಮ, ಕೆರೆ ಮೇಲಿನ ಮನೆಯವರು, ಐದು ಮನೆಯ ಜನ, ಸಲಿಕೆ ಊರಿಕೊಂಡು, ಮೈಯಿಂದ ಹಬೆಯೇಳುತ್ತಾ. ಒಬ್ಬೊಬ್ಬರ ಮುಖದಲ್ಲೂ ಹಬ್ಬ.

"ಬಂದ್ರಾ ಅಕ್ಕಾ! ಬೆನ್ನು ಹೋಯ್ತಂತೆ ನಿಮ್ಮದು. ಹೇಳಬಾರ್ದಾ? ನಾವೇನು ಸತ್ತಿದ್ವಾ?"

 ನಿಜ. ಕೈಮುಗಿದು ಬಗ್ಗಿದೆ, ಬೆನ್ನನ್ನೂ ಲೆಕ್ಕಿಸದೆ. ಆಮೇಲೆ ಕೇಳಿದೆ.

"ಇಷ್ಟು ಹಿಮ ಎಲ್ಲಿಗೆ ಹಾಕಿದ್ರಿ?"

"ಎಲ್ಲಿಗೆ ಅಂದ್ರೆ? ಕೊಳಕ್ಕೆ."

 ತೊರಾಜೋನ ಮುಖ ನೋಡುತ್ತಿದ್ದೆ. ನಗು ಹಾಗೇ ಇತ್ತು, ಅದರೊಳಗಿಂದ ಜೀವ ಇಳಿದು ಹೋಯಿತು.

"ಅಯ್ಯೋ," ಅಂದ. "ಅಯ್ಯಯ್ಯೋ. ಒಕಾಮಿ."

ಕೊಳದ ದಂಡೆಯಲ್ಲಿ ನಿಂತು ದಿನಾ ಅವಳನ್ನು ನೋಡಿದವರು! ಆಳ ಸಾಲದು, ಆಳ ಜಾಸ್ತಿ ಅಂದವರು! ಮಾಡು ಹತ್ತಿದ ಕೂಡಲೇ ಕೈಗಳು ತಮ್ಮ ಪಾಡಿಗೆ ತಾವು ಹಿತ್ತಿಲ ಕಡೆ ತಿರುಗಿವೆ. ನಡೆಯಲು ಬಂದ ದಿನದಿಂದ ಈ ಊರಿನ ಕೈಗೆ ಗೊತ್ತಿರುವುದು ಅದೊಂದೇ. ಮಾಡಿನ ಹಿಮ ಕೊಳಕ್ಕೆ.

ಹಿತ್ತಿಲಲ್ಲಿ ಕೊಳವೇ ಇರಲಿಲ್ಲ. ಬಿಳಿ ಗುಡ್ಡ, ಸೂರಿನ ತನಕ.

ಐದು ಮನೆಯ ಜನ ಕೊಳದಿಂದ ಹಿಮ ಮೇಲಕ್ಕೆ ತೋಡಿದರು.  ಸಲಿಕೆ ಮೀನಿಗೆ ತಾಗೀತು ಅಂತ ಕೊನೆಗೆ ಕೈಯಲ್ಲೇ. ತೊರಾಜೋ ಸೊಂಟದ ತನಕ ಇಳಿದ. ನೀರಲ್ಲ ಅದು, ಗಂಜಿ. ಬಲೆ ಕುಸಿದು ಅವಳನ್ನು ತಳಕ್ಕೆ ಒತ್ತಿತ್ತು. ಎತ್ತಿದಾಗ ಮಗ್ಗುಲಾಗಿದ್ದಳು. ಬೆನ್ನ ಮೇಲೆ ಬಲೆಯ ಬರೆ, ಒಂದಷ್ಟು ಪೊರೆ ಎದ್ದಿತ್ತು. ಕಿವಿರು... ಅಲ್ಲಾಡಿತೋ ಇಲ್ಲವೋ ಅನ್ನುವಷ್ಟು.

"ಎಲ್ಲಿಗೆ? ಎಲ್ಲಿಗೆ ಅಕ್ಕಾ?"

"ಬಚ್ಚಲಿಗೆ!" ಅಂದೆ.

ಈಗ ನಮ್ಮ ಸ್ನಾನದ ತೊಟ್ಟಿಯಲ್ಲಿದ್ದಾಳೆ. ಅಡುಗೆಮನೆಯ ಒರತೆ ನೀರನ್ನು ಪೈಪಿನಲ್ಲಿ, ನಲ್ಲಿ ಇರುವ ಕಡೆಯಿಂದ, ಬಿಟ್ಟಿದ್ದೇನೆ. ಕೈ ಬಿಟ್ಟರೆ ಮಗ್ಗುಲಾಗುತ್ತಾಳೆ. ಹಿಡಿದುಕೊಂಡು ಕೂತಿದ್ದೆ. ಈಗ ಸದಾಜಿ ಹಿಡಿದುಕೊಂಡಿದ್ದಾನೆ, ಗಾಡಿಯ ಬಟ್ಟೆಯಲ್ಲೇ. "ತಪ್ಪಾಯ್ತು, ತಪ್ಪಾಯ್ತು" ಅನ್ನುತ್ತಿದ್ದಾನೆ. ಮೀನಿಗೆ. ನನಗಲ್ಲ.

ಜನವರಿ ೧೦

ಸವಾಕೋ ಬೆಳಿಗ್ಗೆ ಬಂದಳು. ಬೈಯುತ್ತಾಳೆ ಅಂತ ಬಾಗಿಲಲ್ಲೇ ತಲೆತಗ್ಗಿಸಿ ನಿಂತಿದ್ದೆ. ಬೈಯಲಿಲ್ಲ. ತೋಳು ಮಡಚಿ, ನೀರಿಗೆ ಉಪ್ಪು ಹಾಕಿ, ಬೆನ್ನಿಗೆ ಮದ್ದು ಹಚ್ಚಿದಳು. ಹಲ್ಲು ತಿದ್ದಿದ ಕೈ, ನಡುಗುವುದಿಲ್ಲ. ತಿರುಗಿ ಗೋಡೆಯ ಕಡೆ ನಿಂತಾಗ ಮಾತ್ರ ಭುಜ ಅಲ್ಲಾಡಿತು.

"ಅಪ್ಪನಿಗೆ ಆಪರೇಷನ್ ಮುಗಿಯೋ ತನಕ ಹೇಳೋದು ಬೇಡ ಚಿಕ್ಕಮ್ಮಾ."

ಹೂಂ ಅಂದೆ. ಇಡೀ ಊರು ಹೂಂ ಅಂದಿತು. ಫೋನ್ ಬರುವುದು ನನಗೆ ತಾನೇ.

ಬಂತು.

"ತಲೆ ಯಾವ ಕಡೆಗಿದೆ?"

ಅಭ್ಯಾಸಬಲ. ಬಚ್ಚಲಿಗೆ ಇಣುಕಿ ನೋಡಿದೆ. ಸವಾಕೋ ಅವಳ ಮೂತಿಯನ್ನು ಪೈಪಿನ ಕಡೆ ಹಿಡಿದುಕೊಂಡಿದ್ದಳು. "ಪೂರ್ವಕ್ಕೆ ಭಾವ," ಅಂದುಬಿಟ್ಟೆ.

ಈ ಸಲ ಭಾವ ಫೋನ್ ಇಡಲಿಲ್ಲ. "ನಿಮ್ಮ ಕೊಳಕ್ಕೆ ನೀರು ಬೀಳೋದು ಪಶ್ಚಿಮದಿಂದ. ಮೀನು ಹರಿಯೋ ನೀರಿಗೆ ಬೆನ್ನು ಹಾಕಲ್ಲ."

ನಾನು ಬಚ್ಚಲ ಬಾಗಿಲು ಎಳೆದುಕೊಂಡೆ.

"ನಿಮ್ಮನೇಲಿ ಪೂರ್ವಕ್ಕೆ ನಲ್ಲಿ ಇರೋದು ಬಚ್ಚಲಲ್ಲಿ," ಅಂದ ಭಾವ. "ಏನಾಯ್ತು ಮಿಸಾವೋ?"

ಹೇಳಿದೆ. ಎಲ್ಲವನ್ನೂ. ಅತ್ತೆನೋ ಏನೋ, ಗೊತ್ತಿಲ್ಲ.

"ಯಾರು ಹಾಕಿದ್ದು ಹಿಮ?"

"ಎಲ್ಲರೂ."

 ಆಸ್ಪತ್ರೆಯಲ್ಲಿ ಯಾರೋ ಗಾಡಿ ತಳ್ಳಿಕೊಂಡು ಹೋದ ಸದ್ದು.

"ನಾನಿದ್ದಿದ್ರೆ ನಾನೂ ಅಲ್ಲಿಗೇ ಹಾಕ್ತಿದ್ದೆ," ಅಂದ. "ಮಗು ಅಲ್ಲಿದ್ದಾಳಾ?"

"ಇದ್ದಾಳೆ. ಮೀನು ಹಿಡ್ಕೊಂಡಿದ್ದಾಳೆ."

"ಅವಳಿಗೆ ಊಟ ಹಾಕು." ಇಟ್ಟುಬಿಟ್ಟ.

ಸೊಂಟ ಹೇಗಿದೆ ಅಂತ ಈ ಸಲವೂ ಕೇಳಲಾಗಲಿಲ್ಲ. ಥೂ.

ಜನವರಿ ೧೧

ಸರದಿಯಲ್ಲಿ ಹಿಡಿದುಕೊಂಡೆವು — ಸವಾಕೋ, ನಾನು, ಸದಾಜಿ. ಕೈಬೆರಳು ಮೂಲಂಗಿಯಾಗಿವೆ. ಇವತ್ತು ಒಬ್ಬ ಗಿರಾಕಿಯ ಕಿವಿ ಮುಟ್ಟಿದರೆ, "ಹೆಣದ ಕೈಯಾ ಇದು!" ಅಂತ ಕುರ್ಚಿಯಿಂದ ಹಾರಿದ.

ಅಂಗಡಿ ಮುಚ್ಚಿದೆ. ಸಾಕು.

ಜನವರಿ ೧೩

ತಾನಾಗಿ ನಿಂತಳು!

ಬೆಳಿಗ್ಗೆ ಸದಾಜಿ ಅವಳನ್ನು ಹಿಡಿದುಕೊಂಡೇ ತೂಕಡಿಸಿದ್ದಾನೆ. ಕೈ ಜಾರಿದೆ. ಎಚ್ಚರಾಗಿ ನೋಡಿದರೆ ನೀರಿನ ನಡುವೆ ನೆಟ್ಟಗೆ, ರೆಕ್ಕೆ ಬಿಚ್ಚಿ. "ನಾನೇ ನಿಲ್ಸಿದ್ದು," ಅಂತ ಊರಿಗೆಲ್ಲ ಹೇಳಿಕೊಂಡು ಬರುತ್ತಿದ್ದಾನೆ. ಇವನು ನಿದ್ದೆ ಮಾಡಿದ್ದಕ್ಕೂ ಬಹುಮಾನ ಬೇಕು.

ಭಾವನ ಆಪರೇಷನ್ನೂ ಆಯಿತು. ಮಂಪರು ಇಳಿದ ಕೂಡಲೇ ನರ್ಸ್ ಕೈಲಿ ಫೋನ್ ಮಾಡಿಸಿದ. ನಿಂತಳು ಅಂದೆ. ಅತ್ತ ಕಡೆಯಿಂದ ಏನೋ ಸದ್ದು. ಅತ್ತನೋ, ಕೆಮ್ಮಿದನೋ.

ಇನ್ನು ಕೊಳಕ್ಕೆ ವಾಪಸ್ಸು ಬಿಡೋಣ ಅಂದೆ. ಸವಾಕೋ ತಲೆಯಾಡಿಸಿದಳು. ಗಾಯ ಮುಚ್ಚುವ ತನಕ ಆ ತಣ್ಣೀರಿಗೆ ಬಿಡುವ ಹಾಗಿಲ್ಲ.

"ಎಷ್ಟು ದಿನ?"

"ಫೆಬ್ರವರಿ ಕೊನೆ... ಆಗ್ಬಹುದು."

"ನಾವು ಎಲ್ಲಿ ಸ್ನಾನ ಮಾಡೋದು?"

ಪಾಪದ ಹುಡುಗಿ, ಅದನ್ನು ಯೋಚಿಸಿಯೇ ಇರಲಿಲ್ಲ. ನಾನೂ ಯೋಚಿಸಿರಲಿಲ್ಲ. ಸದಾಜಿಯ ಪಕ್ಕ ಕೂತರೆ ಮೂಗು ಯೋಚಿಸುತ್ತದೆ.

ಜನವರಿ ೧೫, ಬೆಂಕಿಹಬ್ಬದಿಂದ ಬಂದು

ಗದ್ದೆಯ ಹಿಮದ ಮೇಲೆ ಹುಲ್ಲಿನ ಗೋಪುರ ಸುಟ್ಟರು. ಎಲ್ಲರೂ ಬಂದಿದ್ದರು. ಕಡ್ಡಿಗೆ ಚುಚ್ಚಿದ ಒಣಮೀನು ಬೆಂಕಿಗೆ ಹಿಡಿದು, ಬಿಸಿ ಸಾಕೆ ಮದ್ಯ ಹಂಚಿಕೊಂಡು. ಎರಡನೆಯ ಬಟ್ಟಲಿಗೆ ತೊರಾಜೋ ಕಥೆ ಶುರು ಮಾಡಿದ.

ಅವನ ಕಥೆಯಲ್ಲಿ ಹಿಮ ಎರಡಾಳು ಎತ್ತರ ಇತ್ತು. ಅವನು ಮುಳುಗಿ, ಉಸಿರು ಕಟ್ಟಿ, ಕತ್ತಲಲ್ಲಿ ತಡಕಿ, ಒಕಾಮಿಯ ಬಾಲ ಹಿಡಿದ. ಒಕಾಮಿ ಅವನಿಗೆ ಮನುಷ್ಯರ ಮಾತಿನಲ್ಲಿ ಹೇಳಿದಳು, "ಯಾವ ಕತ್ತೆ ಕಣೋ ಇದನ್ನ ಹಾಕಿದ್ದು?"

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ನಗಬಾರದು ಅಂದುಕೊಂಡಿದ್ದೆ.

"ಆಮೇಲೆ ಮಿಸಾವೋ ಅಕ್ಕ ನನ್ನ ಬೆನ್ನಿಗೆ ಸಲಿಕೆ ತಗೊಂಡು..."

"ನಾನು ಮುಟ್ಟೇ ಇಲ್ಲ ಕಣೋ ನಿನ್ನ!"

"ಮುಟ್ಟಿದ್ರೆ ಚೆನ್ನಾಗಿರ್ತಿತ್ತು ಅಕ್ಕಾ," ಅಂದ, ನಗು ನಿಲ್ಲಿಸಿ. "ನಿದ್ದೆ ಬರ್ತಿತ್ತು."

ಒಣಮೀನು ಸುಡುವ ಸದ್ದು. ಆಗ ಕಿನು ಅಜ್ಜಿ ಕೇಳಿದಳು, ಸದಾಜಿಯ ಕಡೆ ಮೂಗರಳಿಸಿ, "ಬಚ್ಚಲಲ್ಲಿ ಮೀನಿದ್ರೆ ನೀವಿಬ್ಬರೂ ಮೈ ಎಲ್ಲಿ ತೊಳ್ಕೊಳ್ತಿದ್ದೀರಿ?"

"ಒದ್ದೆ ಬಟ್ಟೇಲಿ ಒರೆಸ್ಕೊಳ್ತೀವಿ ಅಜ್ಜಿ," ಅಂದ ಸದಾಜಿ.

ಎಲ್ಲರೂ ಬೆಂಕಿ ನೋಡುತ್ತಾ ಕೂತರು. ಬೇಗ ಬೇಗ ಮನೆಗೆ ಎದ್ದರು.

ಜನವರಿ ೧೬

ಬೆಳಕು ಹರಿಯುತ್ತಲೇ ಬಾಗಿಲು ಬಡಿದರು. ಕೆರೆ ಮೇಲಿನ ಮನೆಯಾಕೆ. "ನೀರು ಕಾದಿದೆ, ಬಾರಮ್ಮ." ಹಿಂದೆಯೇ ತೊರಾಜೋನ ತಮ್ಮನ ಹೆಂಡತಿ. "ನಮ್ಮನೇದೂ ಕಾದಿದೆ." ಆಮೇಲೆ ಇನ್ನೊಬ್ಬಳು. ರಾತ್ರಿ ಬೆಂಕಿಯ ಮುಂದೆ ಕಥೆ ಕೇಳಿದವರು ಒಬ್ಬರಿಗೊಬ್ಬರು ಹೇಳದೆ, ಹಿಮ ಸುರಿದ ಐದೂ ಮನೆಯವರು, ಕೋಳಿ ಕೂಗುವ ಮೊದಲೇ ಎದ್ದು ತಮ್ಮ ತಮ್ಮ ಬಚ್ಚಲಿಗೆ ಒಲೆ ಹಚ್ಚಿದ್ದಾರೆ.

"ಒಂದು ಮನೆ ಸಾಕು," ಅಂದೆ. ಯಾವ ಮನೆ? ಒಂದಕ್ಕೆ ಹೂಂ ಅಂದರೆ ನಾಲ್ಕಕ್ಕೆ ಅವಮಾನ. ಬಾಗಿಲಲ್ಲೇ ಜಗಳ. "ನಮ್ಮದು ಪೈನ್ ಮರದ ತೊಟ್ಟಿ." "ನಿಮ್ಮ ಹೊಗೆ ಯಾರಿಗೆ ಬೇಕು?" ಸದಾಜಿ ಮಾತ್ರ ಟವೆಲ್ ಹೆಗಲಿಗೆ ಹಾಕಿಕೊಂಡು ಹೊರಟೇಬಿಟ್ಟಿದ್ದ.

ಐದಕ್ಕೂ ಹೋಗುವುದು ಅಂತ ತೀರ್ಮಾನವಾಯಿತು. ನನ್ನನ್ನು ಕೇಳಿದವರಿಲ್ಲ.

ಮೊದಲನೆಯ ಮನೆ, ಸರಿ. ಎರಡನೆಯದು, ಚರ್ಮ ಸುಲಿಯುವಷ್ಟು ಬಿಸಿ. ಮೂರನೆಯದು ತೊರಾಜೋನದು. ಕಿನು ಅಜ್ಜಿ ಕೇಳದೆ ಒಳಗೆ ಬಂದು ಸ್ಟೂಲ್ ಎಳೆದುಕೊಂಡು ನನ್ನ ಬೆನ್ನುಜ್ಜಲು ಕೂತಳು. ಆ ನೋಯುವ ಬೆನ್ನು.

"ಅವತ್ತು ಯಾಕೆ ಬೈಲಿಲ್ಲ ನೀನು?" ಅಂದಳು.

"ಸಹಾಯ ಮಾಡೋಕೆ ಬಂದೋರನ್ನ ಹೇಗೆ ಬೈಯೋದು ಅಜ್ಜಿ?"

"ಬಾಯಲ್ಲಿ." ಉಜ್ಜುತ್ತಲೇ ಇದ್ದಳು. "ಬೈ ಈಗ. ಇಲ್ಲಿ ನಾನೊಬ್ಬಳೇ. ಅವರಿಗೆಲ್ಲ ನಾನು ದಾಟಿಸ್ತೀನಿ."

ಬಾಯಿ ತೆರೆದೆ. ನವೆಂಬರಿಂದ ಕೂಡಿಟ್ಟದ್ದು ಎಷ್ಟಿತ್ತು! ಸದಾಜಿಯಿಂದ ಹಿಡಿದು ಕೊಕ್ಕರೆಯ ತನಕ. ಬಂದದ್ದು ಬೈಗುಳವಲ್ಲ. ಅಜ್ಜಿ ತಲೆ ಮೇಲೆ ಒಂದು ತಂಬಿಗೆ ಬಿಸಿನೀರು ಹುಯ್ದಳು. ಇನ್ನೊಂದು ಹುಯ್ದಳು.

ನಡುವೆ ಮನೆಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಸವಾಕೋ ಬಚ್ಚಲಲ್ಲಿ ಒಕಾಮಿಯ ಬೆನ್ನು ನೋಡುತ್ತಿದ್ದಾಳೆ. "ಕೂಡ್ಕೊಳ್ತಿದೆ ಚಿಕ್ಕಮ್ಮಾ! ಉಳೀತಾಳೆ!" ಅಂತ ಈಗಷ್ಟೇ ಕೂಗಿದಳು. ಮೊಟ್ಟೆ ಇಡುತ್ತಾಳೋ ಇಲ್ಲವೋ, ಜೂನ್ ಬರಬೇಕು. ಹುಡುಗಿ ನಾಗಾಓಕಾದ ಕೋಣೆ ಖಾಲಿ ಮಾಡಿಬಿಡುತ್ತಾಳಂತೆ, ಜೂನ್ ತನಕ ಕಾಯುವುದಿಲ್ಲವಂತೆ. ಹುಚ್ಚಿ. ಅಪ್ಪನ ಮಗಳು.

ನಾಲ್ಕನೆಯ ಮನೆಯಾಕೆ ಮತ್ತೆ ಬಾಗಿಲು ಬಡಿಯುತ್ತಿದ್ದಾಳೆ. ಬೆರಳೆಲ್ಲ ಉಪ್ಪಿನಕಾಯಿ ಹಾಕಿದ ಹಾಗೆ ಸುಕ್ಕುಗಟ್ಟಿವೆ. ತಲೆ ಒಣಗಿಲ್ಲ. ಹೊರಗೆ ಮತ್ತೆ ಹಿಮ. ಫೆಬ್ರವರಿ ಕೊನೆಯ ತನಕ ದಿನಾ ಹೀಗೇ ಅಂದರೆ ನಾನು —

ಬಂದೆ, ಬಂದೆ! ಬಾಗಿಲು ಮುರೀಬೇಡ ಮಾರಾಯ್ತಿ, ಟವೆಲ್ ಎಲ್ಲಿ